ಹೊನ್ನಾವರದ ಕಾಂಡ್ಲಾ ಕಾಡು ತೋರ್ಸಿದ ಟೂರ್
ಕಲಬುರಗಿಯಿಂದ ಮನಿ ಮಂದಿ ಎಲ್ಲಾ ಗೋಕರ್ಣಕ್ಕ ಹೋದಾಗ ಎರಡ್ ದಿನ ಜಾಸ್ತಿ ಇಟ್ಕೊಂಡು ಹೊನ್ನಾವರದಾಗ ಅಲ್ಲಿನ ಮೀನುಗಾರರೇ ಕರ್ಕೊಂಡ್ ಹೋಗೋ ಟೂರ್ ಮಾಡಿದ್ವಿ, ಖರೇ ಹೇಳ್ತೀನಿ ಭಾಳ ಛೊಲೋ ಅನ್ನಿಸ್ತು. ಶರಾವತಿ ಸಮುದ್ರ ಸೇರೋ ಕಡಿ ದೋಣ್ಯಾಗ ಕುಂದರ್ಸಿ ಕಾಂಡ್ಲಾ ಗಿಡ (ಉಪ್ಪುನೀರಿನ ಕೆಸರಿನಾಗ ಬೆಳೆಯೋ ಮ್ಯಾಂಗ್ರೋವ್) ತೋರ್ಸಿದ್ರು, ಕೆಸರಿನಾಗ ಗಾಳಿ ಸಿಗಲ್ಲಂತ ಬೇರು ಮ್ಯಾಲ ಬಂದು ಉಸಿರಾಡ್ತಾವಂತ, ಅದರ ಸಂದ್ಯಾಗೇ ಏಡಿ, ಮೀನಿನ ಮರಿ ಬೆಳಿತಾವ. ತೊಗರಿ ಹೊಲದಾಗ ಬೆಳೆದ ನಮ್ಮವ್ವ ಒಂದೊಂದೂ ಕೇಳಿ ತಿಳ್ಕೊಂಡ್ಳು. ಹೊನ್ನಾವರದ ಹತ್ರನೇ ಇರೋ ಕಾಸರಕೋಡ ಬೀಚಿಗೆ 2020ರಾಗ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕದ, ಸ್ವಚ್ಛ ಅದ. ಒಂದೇ ತಕರಾರು, ನೀರಿನ ಇಳಿತದ ಟೈಮ್ ಮೊದ್ಲೇ ಹೇಳಬೇಕಿತ್ತು, ದಂಡಿ ಮ್ಯಾಲ ಬಿಸಿಲಾಗ ಒಂದ್ ತಾಸು ಕಾದ್ವಿ. ರೊಕ್ಕ ಸೀದಾ ಆ ಊರಿನವರ ಕೈಗೇ ಹೋಗ್ತದ, ಮುಂದಿನ ರಜಾಕ್ಕ ತಮ್ಮನ ಮನಿಯವರನ್ನೂ ಕರ್ಕೊಂಡ್ ಹೋಗೋದದ.