ಹೃದಯಾಘಾತದ ನಂತರದ ತಪಾಸಣೆ: ಕಲಬುರಗಿಯ ಒಂದು ಕ್ಲಿನಿಕ್ ಕುರಿತು

ಸ್ಟೆಂಟ್ ಹಾಕಿಸಿಕೊಂಡ ನಮ್ಮ ಕಾಕಾ ಮುಂದಿನ ತಪಾಸಣೆಗೆ ಹೋಗುತ್ತಿರುವ ಕಲಬುರಗಿಯ ಖಾಸಗಿ ಹೃದ್ರೋಗ ಕ್ಲಿನಿಕ್ಕಿನ ಬಗ್ಗೆ, ಹೆಸರು ಹೇಳದೆ, ಬರೆಯುತ್ತಿದ್ದೇನೆ. ಅಲ್ಲಿನ ಸೇವೆಯಲ್ಲಿ ನಿಜವಾಗಿ ಮೆಚ್ಚಬೇಕಾದದ್ದು ವೈದ್ಯರು ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ವರದಿಯನ್ನು ವಿವರಿಸುವ ರೀತಿ.

"ವಾರ್ಡಿನ್ಯಾಗ ಬಾಜೂಕ ಇದ್ದವರಿಗೂ ಒಂದೇ ಸ್ಟೆಂಟ್, ನನಗೂ ಒಂದೇ. ಅವರು ಹೊಲಕ್ಕ ಹೋಗ್ಲಿಕತ್ತಾರ, ನನಗ ಮೆಟ್ಟಲ ಹತ್ತಿದ್ರ ದಮ್ಮ ಹತ್ತತದ, ಹ್ಯಾಂಗ್ರೀ?" ಎಂದು ಕಾಕಾ ಕೇಳಿದಾಗ, ವೈದ್ಯರು ಎಕೋ ಯಂತ್ರದ ಪರದೆಯನ್ನು ಅವರತ್ತ ತಿರುಗಿಸಿ, ಹೃದಯದ ಉಳಿದ ಭಾಗ ಒಳಕ್ಕೆ ಕುಗ್ಗುವಾಗ ಮುಂಭಿತ್ತಿ ಮಾತ್ರ ಅಲುಗದೆ ನಿಂತಿರುವುದನ್ನು ಬೆರಳಿಟ್ಟು ತೋರಿಸಿದರು. ಕಾಕಾ ಅವರಿಗೆ ಕಟ್ಟಿಕೊಂಡಿದ್ದದ್ದು ಎಲ್‌ಎಡಿ ಎಂಬ ರಕ್ತನಾಳದ ಬುಡ. ಎಡ ಹೃತ್ಕುಕ್ಷಿಯ, ಅಂದರೆ ದೇಹಕ್ಕೆಲ್ಲ ರಕ್ತ ತಳ್ಳುವ ಕೋಣೆಯ, ಮುಂಭಿತ್ತಿಗೂ ತುದಿಗೂ ನಡುಗೋಡೆಯ ಬಹುಭಾಗಕ್ಕೂ ರಕ್ತ ಒದಗಿಸುವ ನಾಳ ಅದಾದ್ದರಿಂದ, ಅಲ್ಲಿ ಅಡ್ಡಿಯಾದರೆ ಸಾಮಾನ್ಯವಾಗಿ ಹೆಚ್ಚು ಸ್ನಾಯು ಸಾಯುತ್ತದೆ ಮತ್ತು ಪಂಪಿಂಗ್ ಕುಸಿಯುತ್ತದೆ. ಇದಕ್ಕೆ ಹೋಲಿಸಿದರೆ ಕೆಳಭಿತ್ತಿಯ ಆಘಾತ ಬಹುತೇಕ ಹೃದಯದ ಬಲ ಅಪಧಮನಿ ಕಟ್ಟಿಕೊಳ್ಳುವುದರಿಂದ ಆಗುವಂಥದ್ದು. ಅದರಲ್ಲಿ ನಾಡಿಬಡಿತ ನಿಧಾನವಾದರೂ ಹಲವು ವೇಳೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ಹಾಗೆಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. ಬಲ ಹೃತ್ಕುಕ್ಷಿಗೂ ಪೆಟ್ಟಾಗಿದ್ದರೆ ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆಯಿಂದಲೇ ರಕ್ತದೊತ್ತಡ ಅಪಾಯಕರವಾಗಿ ಇಳಿಯಬಹುದು. ಹಿಂಭಿತ್ತಿಯ ಆಘಾತವಂತೂ ಸಾಮಾನ್ಯ ಇಸಿಜಿಯಲ್ಲಿ ಕಣ್ತಪ್ಪುವುದುಂಟು. ಜಾಗದಷ್ಟೇ, ರಕ್ತನಾಳ ತೆರೆಯಲು ಹಿಡಿದ ಸಮಯವೂ ಮುಖ್ಯವೆಂಬುದನ್ನು ಅವರು ಒತ್ತಿ ಹೇಳಿದರು.

ಅಲುಗದ ಸ್ನಾಯುವೆಲ್ಲ ಸತ್ತಿರುವುದಿಲ್ಲ, ಕೆಲವು ಭಾಗ ಪೆಟ್ಟಿಗೆ ಮಂಕಾಗಿದ್ದು ವಾರಗಳಲ್ಲಿ ಚೇತರಿಸಿಕೊಳ್ಳಬಹುದು ಎಂಬ ಕಾರಣಕ್ಕೆ ಎಕೋವನ್ನು ಆರು ವಾರಗಳ ಮೇಲೆ ಮತ್ತೆ ಮಾಡಿಸಲು ತಿಳಿಸಿದ್ದಾರೆ. ಔಷಧ ಸರಿಯಾಗಿ ತೆಗೆದುಕೊಂಡೂ ಕನಿಷ್ಠ 40 ದಿನಗಳ ನಂತರ ಪಂಪಿಂಗ್ (ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ತನ್ನಲ್ಲಿನ ರಕ್ತದಲ್ಲಿ ಹೊರತಳ್ಳುವ ಪಾಲು) ಶೇ 35ರಷ್ಟು ಅಥವಾ ಅದಕ್ಕಿಂತ ಕಡಿಮೆಯೇ ಇದ್ದರೆ, ಹೃದಯಬಡಿತ ಅಪಾಯಕರವಾಗಿ ತಪ್ಪಿದಾಗ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸಲು ದೇಹದೊಳಗೆ ಅಳವಡಿಸುವ ಐಸಿಡಿ ಉಪಕರಣದ ವಿಚಾರ ಬರುತ್ತದಂತೆ. ಅನಗತ್ಯ ಪರೀಕ್ಷೆ ಬರೆದುಕೊಡದ ಈ ಸಂಯಮ ನನಗೆ ಹಿಡಿಸಿತು.

ಕೊರತೆಗಳೂ ಇವೆ. ಟೋಕನ್ ಪಡೆದರೂ ಕಾಯುವುದು ತಪ್ಪುವುದಿಲ್ಲ, ವರದಿ ಪೂರ್ತಿ ಇಂಗ್ಲಿಷಿನಲ್ಲಿದೆ. ದೊಡ್ಡ ಲೋಪ ವ್ಯಾಯಾಮದ ಮಾರ್ಗದರ್ಶನದಲ್ಲಿದೆ: "ದಿನಾ ನಡೀರಿ" ಎಂದರೆ ಮುಗಿಯಿತು. ಮೂತ್ರ ಹೋಗಿಸುವ ಮಾತ್ರೆ ನುಂಗುತ್ತಿರುವ, ನೀರು ಮಿತವಾಗಿ ಕುಡಿಯಬೇಕಾದ ರೋಗಿ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಎಷ್ಟು ನಡೆಯಬೇಕು, ತಲೆಸುತ್ತು ಬಂದರೆ ಏನು ಮಾಡಬೇಕು ಎಂದು ಹೇಳುವವರಿಲ್ಲ.

ಆಂಜಿಯೋಗ್ರಾಂ ಮಾಡುವ, ಸ್ಟೆಂಟ್ ಹಾಕುವ ಕ್ಯಾಥ್‌ಲ್ಯಾಬ್ ಇಲ್ಲದ ಕಾರಣ ಹೊಸದಾಗಿ ಎದೆನೋವು ಬಂದವರು ಇಲ್ಲಿಗೆ ಬರಬಾರದು. ಅಂಥವರಿಗೆ ಊರಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ಎಕೋ ವರದಿಯ ಅರ್ಥ ತಿಳಿಯಬೇಕೆನ್ನುವವರು ಹಳೆಯ ಇಸಿಜಿ ಮತ್ತು ಆಂಜಿಯೋಗ್ರಾಂ ಸಿ.ಡಿ.ಯೊಂದಿಗೆ ಈ ಕ್ಲಿನಿಕ್ಕಿಗೆ ಧಾರಾಳವಾಗಿ ಹೋಗಬಹುದು.