ನಾಲಿಗೆ ಊದಿದರೆ ಬದನೆಕಾಯಿಗೆ ಬೈಯುವ ಮೊದಲು ಬಿಪಿ ಮಾತ್ರೆಯ ಹೆಸರು ನೋಡಿ

ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್, ಪೆರಿಂಡೋಪ್ರಿಲ್. ನಿಮ್ಮ ಮನೆಯಲ್ಲಿ ಯಾರಾದರೂ ಬಿಪಿಗೋ ಹೃದಯಕ್ಕೋ ಹೀಗೆ ‘ಪ್ರಿಲ್’ ಎಂದು ಮುಗಿಯುವ ಮಾತ್ರೆ ನುಂಗುತ್ತಿದ್ದರೆ ಇದನ್ನು ದಯವಿಟ್ಟು ಪೂರ್ತಿ ಓದಿ.

ನಮ್ಮಮ್ಮ ವರ್ಷಗಳಿಂದ ಎನಲಾಪ್ರಿಲ್ ತೆಗೆದುಕೊಳ್ಳುತ್ತಿದ್ದರು. ಆಗಾಗ ಕಾಡುವ ಒಣಕೆಮ್ಮು ಬಿಟ್ಟರೆ ಏನೂ ತೊಂದರೆ ಇರಲಿಲ್ಲ. ಒಂದು ಬೆಳಿಗ್ಗೆ ನಾಲಿಗೆಯ ಒಂದು ಪಕ್ಕ ದಪ್ಪಗಾಯಿತು. ತಿಂಡಿ ಹೊತ್ತಿಗೆ ತುಟಿಯೂ ಊದಿ ಮಾತು ತೊದಲತೊಡಗಿತು. ತುರಿಕೆ ಇಲ್ಲ, ಮೈಮೇಲೆ ದದ್ದು ಇಲ್ಲ. “ರಾತ್ರಿ ಬದನೆಕಾಯಿ ತಿಂದೆಯಲ್ಲ, ನಂಜಾಗಿದೆ” ಎಂದರು ಸೋದರತ್ತೆ. ಹತ್ತಿರದ ಕ್ಲಿನಿಕ್‌ನಲ್ಲೂ ಹೆಚ್ಚುಕಡಿಮೆ ಅದೇ ಮಾತು. ಅಲರ್ಜಿ ಎಂದು ಇಂಜೆಕ್ಷನ್ ಚುಚ್ಚಿ ಕಳಿಸಿದರು. ದಿನಾ ಯಾವ ಮಾತ್ರೆ ತಗೋತೀರಿ ಎಂದು ಕೇಳಲೇ ಇಲ್ಲ. ನನಗೆ ಇವತ್ತಿಗೂ ಸಿಟ್ಟಿರುವುದು ಅದಕ್ಕೇ.

ಒಂದೆರಡು ದಿನದಲ್ಲಿ ಊತ ತಾನಾಗಿಯೇ ಇಳಿಯಿತು. ಇಂಜೆಕ್ಷನ್‌ಗೆ ಹೆಸರು ಬಂತು. ಬದನೆಕಾಯಿ ಮನೆಯಿಂದ ಗಡೀಪಾರಾಯಿತು. ಮಾತ್ರೆ ಮಾತ್ರ ಹೊಟ್ಟೆಗೆ ಹೋಗುತ್ತಲೇ ಇತ್ತು.

ಮುಂದಿನ ಸಲ ಊತ ಬಂದದ್ದು ರಾತ್ರಿ. ನಾಲಿಗೆ ಬಾಯೊಳಗೆ ಹಿಡಿಸುತ್ತಿರಲಿಲ್ಲ. ಉಗುಳು ನುಂಗಲಾಗದೆ ಜೊಲ್ಲು ಸುರಿಯುತ್ತಿತ್ತು, ದನಿ ಬದಲಾಗಿತ್ತು. 108ಕ್ಕೆ ಫೋನ್ ಮಾಡಿದೆವು. ದೊಡ್ಡಾಸ್ಪತ್ರೆಯ ತುರ್ತು ವಿಭಾಗದ ಡಾಕ್ಟರು ಮೊದಲು ಕೇಳಿದ್ದೇ, “ಬಿಪಿ ಇದೆಯಾ? ಮಾತ್ರೆ ಸ್ಟ್ರಿಪ್ ತೋರಿಸಿ.” ಉಸಿರಿಗೆ ಕೊಳವೆ ಹಾಕಲು ಎಲ್ಲ ಸಿದ್ಧ ಮಾಡಿಕೊಂಡು ರಾತ್ರಿಯಿಡೀ ಐಸಿಯುನಲ್ಲಿ ಕಾದರು. ಪುಣ್ಯಕ್ಕೆ ಬೇಕಾಗಲಿಲ್ಲ.

ಅವರು ಹೇಳಿದ್ದು ಇಷ್ಟು. ಈ ಮಾತ್ರೆಗಳು ಎಸಿಇ ಎಂಬ ಕಿಣ್ವವನ್ನು ತಡೆದು ಬಿಪಿ ಇಳಿಸುತ್ತವೆ. ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆದುಹಾಕುವುದೂ ಅದೇ ಕಿಣ್ವ. ಅದು ಒಡೆಯದೆ ಉಳಿದರೆ ಸಣ್ಣ ರಕ್ತನಾಳಗಳಿಂದ ನೀರು ಜಿನುಗಿ ನಾಲಿಗೆ, ತುಟಿ, ಗಂಟಲು ಊದುತ್ತವೆ. ಇಲ್ಲಿ ಅಲರ್ಜಿಯಲ್ಲಿ ಊತ ತರಿಸುವ ಹಿಸ್ಟಮಿನ್ ಎಂಬ ವಸ್ತುವಿನ ಪಾತ್ರವೇ ಇಲ್ಲ, ಹಾಗಾಗಿ ಅಲರ್ಜಿ ಇಂಜೆಕ್ಷನ್‌ನಿಂದ ಉಪಯೋಗವೂ ಇಲ್ಲ. ಸಾವಿರಕ್ಕೆ ಒಬ್ಬರಿಂದ ಏಳು ಜನರಿಗೆ ಹೀಗಾಗುತ್ತದಂತೆ. ಶುರು ಮಾಡಿದ ವಾರದಲ್ಲೂ ಆಗಬಹುದು, ವರ್ಷಗಳ ನಂತರವೂ ಆಗಬಹುದು. ಶುಗರ್‌ಗೆ ವಿಲ್ಡಾಗ್ಲಿಪ್ಟಿನ್ ಜೊತೆಗಿದ್ದರೆ ಅಪಾಯ ಜಾಸ್ತಿ. (ಅಂದಹಾಗೆ, ಈ ಗುಂಪಿನ ಔಷಧಿ ಹುಟ್ಟಿದ್ದು ಬ್ರೆಜಿಲ್‌ನ ಒಂದು ಹಾವಿನ ವಿಷದ ಸಂಶೋಧನೆಯಿಂದ. ಅತ್ತೆಗೆ ಇನ್ನೂ ಹೇಳಿಲ್ಲ.)

ಎಲ್ಲ ಊತವೂ ಇದೇ ಅಲ್ಲ. ಶೇಂಗಾ, ಸಿಗಡಿ ತಿಂದ ಅಥವಾ ಜೇನು ಕಚ್ಚಿದ ಸ್ವಲ್ಪ ಹೊತ್ತಿಗೇ ದದ್ದು, ವಾಂತಿ, ತಲೆಸುತ್ತಿನ ಜೊತೆ ನಾಲಿಗೆ ಊದಿದರೆ ಅದು ತೀವ್ರ ಅಲರ್ಜಿ. ಅದಕ್ಕೆ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಬೇಕು, ಸಿಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ಸಾಲದು. ಥೈರಾಯ್ಡ್ ಕಡಿಮೆಯಿದ್ದರೂ ನಾಲಿಗೆ ದಪ್ಪಗಾಗುತ್ತದೆ, ಆದರೆ ನಿಧಾನವಾಗಿ. ಅದಕ್ಕೆ ಹಗಲಲ್ಲಿ ಡಾಕ್ಟರ ಹತ್ತಿರ ಹೋದರಾಯಿತು.

ದಿಢೀರನೆ ಊದಿದರೆ ಮಾತ್ರ ಕಾಯಬೇಡಿ. ಉಸಿರಾಟ ಕಷ್ಟವಿದ್ದರೆ ನೆಟ್ಟಗೆ ಕೂರಿಸಿ. ಬಿಸಿನೀರು, ಅರಿಶಿನ, ಜೇನು ಏನನ್ನೂ ಬಾಯಿಗೆ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಂಡೀತು. 108ಕ್ಕೆ ಫೋನ್ ಮಾಡಿ. ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಚೀಲಕ್ಕೆ ಹಾಕಿಕೊಳ್ಳಿ. ಊತ ಇಳಿದರೂ ಡಾಕ್ಟರನ್ನು ಕೇಳದೆ ಮುಂದಿನ ‘ಪ್ರಿಲ್’ ಮಾತ್ರೆ ನುಂಗಿಸಬೇಡಿ. ಹಾಗಂತ ಏನೂ ತೊಂದರೆ ಇಲ್ಲದವರು ಇದನ್ನು ಓದಿ ಸುಮ್ನೆ ಹೆದರಿ ಬಿಪಿ ಮಾತ್ರೆ ನಿಲ್ಲಿಸುವುದೂ ಬೇಡ.

ಅಮ್ಮನಿಗೆ ಈಗ ಬೇರೆ ಗುಂಪಿನ ಬಿಪಿ ಮಾತ್ರೆ ಆಮ್ಲೋಡಿಪಿನ್ ಕೊಡುತ್ತಿದ್ದಾರೆ. ಫೈಲಿನ ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ ‘ಯಾವ ಪ್ರಿಲ್ ಕೂಡ ಕೊಡಬಾರದು’ ಎಂದು ಬರೆಸಿದ್ದೇವೆ. ಮಾತ್ರೆಯ ಬ್ರ್ಯಾಂಡ್ ಹೆಸರಿನಲ್ಲಿ ‘ಪ್ರಿಲ್’ ಕಾಣದೇ ಇರಬಹುದು, ಕೆಳಗಿನ ಸಣ್ಣಕ್ಷರ ಓದಿ. ಹೃದಯ ದುರ್ಬಲವಾದವರಿಗೆ ಕೊಡುವ ಸಕುಬಿಟ್ರಿಲ್ ಎಂಬ ಔಷಧಿಯನ್ನೂ ಒಮ್ಮೆ ಹೀಗಾದವರಿಗೆ ಕೊಡಬಾರದು. ಅದನ್ನೂ ಫೈಲಿನಲ್ಲಿ ಬರೆಸಿಡಿ.