ಒಂದು ಟೈರ್ ಹೋದರೆ ನಾಲ್ಕೂ ಹೋದಂತೆ: ಹಳೆಯ ಆಲ್ ವೀಲ್ ಡ್ರೈವ್ ಕಾರಿನ ದೀರ್ಘ ಬಳಕೆಯ ವಿಮರ್ಶೆ

ಈ ಕಾರಿನ ಎಂಜಿನ್ ಎಷ್ಟು ಶಕ್ತಿ ಕೊಡುತ್ತದೆ, ಡಿಕ್ಕಿಯಲ್ಲಿ ಎಷ್ಟು ಸಾಮಾನು ಹಿಡಿಯುತ್ತದೆ ಎಂದು ನಾನು ಬರೆಯುವುದಿಲ್ಲ. ಇಷ್ಟು ಹಳೆಯ ಮಾದರಿಯನ್ನು ಹುಡುಕಿಕೊಂಡು ಬರುವವರು ಅದನ್ನೆಲ್ಲ ಆಗಲೇ ಓದಿರುತ್ತಾರೆ. ನನ್ನ ತಕರಾರು ಟೈರಿನದು. ಪಕ್ಕ ಸೀಳಿದ ಒಂದು ಟೈರಿಗೆ ಬೇರೆ ಕಾರಿನವರು ಒಂದೇ ಟೈರ್ ಕೊಂಡು ಹಾಕಿಸಿಕೊಂಡು ಹೋಗುತ್ತಾರೆ. ಉಳಿದ ಮೂರು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ನಾನು ನಾಲ್ಕನ್ನೂ ಕೊಳ್ಳಬೇಕು. ಕಾರು ಅಗ್ಗಕ್ಕೆ ಸಿಕ್ಕಿತೆಂಬ ಸಂತೋಷ ಮೊದಲ ನಾಲ್ಕು ಟೈರಿನ ಬಿಲ್ಲಿನವರೆಗೆ ಮಾತ್ರ ಬಾಳುತ್ತದೆ.

ನನ್ನ ಕಾರಿನ ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಗಳಿಗೆ ಬಲ ಕೊಡುವ ವ್ಯವಸ್ಥೆ, ಹಳೆಯ ಕಾಲದ್ದು. ಮುಂದಿನ ಚಕ್ರಗಳಿಗೆ ಶಕ್ತಿ ನೇರವಾಗಿ ಹೋಗುತ್ತದೆ. ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ನಡುವೆ ವಿಸ್ಕಸ್ ಕಪ್ಲಿಂಗ್ ಎಂಬ ಮುಚ್ಚಿದ ಡಬ್ಬಿ ಇದೆ. ಅದರೊಳಗೆ ತೆಳುವಾದ ಲೋಹದ ಬಿಲ್ಲೆಗಳು ಸಾಲಾಗಿ ಕೂತಿವೆ. ಒಂದು ಬಿಟ್ಟು ಒಂದು ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ಸೇರಿವೆ, ಸುತ್ತ ದಪ್ಪನೆಯ ಸಿಲಿಕೋನ್ ದ್ರವ. ಮುಂದಿನ ಚಕ್ರ ಜಾರಿ ವೇಗವಾಗಿ ತಿರುಗತೊಡಗಿದರೆ ದ್ರವ ಬಿಲ್ಲೆಗಳ ನಡುವೆ ಅರೆದು ಬಿಸಿಯಾಗಿ ಎರಡೂ ಶಾಫ್ಟುಗಳನ್ನು ಒಟ್ಟಿಗೆ ಹಿಡಿಯುತ್ತದೆ, ಹಿಂದಿನ ಚಕ್ರಗಳಿಗೂ ಬಲ ಬರುತ್ತದೆ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಈ ಸರಳತೆಗೆ ಮನಸೋತೇ ನಾನು ಕಾರು ಕೊಂಡೆ.

ಕೊಂಡಾಗ ಹಿಂದೆ ಹೊಚ್ಚ ಹೊಸ ಟೈರುಗಳಿದ್ದವು, ಮುಂದೆ ಸವೆದವು. ಹಿಂದಿನ ಮಾಲೀಕರು ಬೇಕೆಂದು ಕೆಟ್ಟದ್ದು ಮಾಡಿದವರಲ್ಲ. ಎರಡೇ ಟೈರ್ ಕೊಂಡರೆ ಹೊಸದನ್ನು ಹಿಂದಕ್ಕೆ ಹಾಕಿ ಎಂಬುದು ಟೈರ್ ಅಂಗಡಿಗಳ ಮಾಮೂಲಿ ಸಲಹೆ; ಎರಡು ಚಕ್ರದ ಚಾಲನೆಯ ಕಾರಿಗೆ ಅದು ಸರಿಯಾದ ಸಲಹೆಯೂ ಹೌದು. ಇಲ್ಲಿ ಅದೇ ವಿಷ. ಲೆಕ್ಕ ಹಾಕಿ ನೋಡಿ. 205/55 ಆರ್16 ಅಳತೆಯ ಹೊಸ ಟೈರಿನ ಸುತ್ತಳತೆ ಸುಮಾರು 1985 ಮಿ.ಮೀ. ಅಚ್ಚಿನ, ಅಂದರೆ ಟೈರಿನ ಮೇಲ್ಮೈಯ ಗೀರುಗಳ, ಆಳ 8 ಮಿ.ಮೀ.ನಿಂದ 3 ಮಿ.ಮೀ.ಗೆ ಇಳಿದರೆ ಸುತ್ತಳತೆ 31 ಮಿ.ಮೀ.ನಷ್ಟು ಕಡಿಮೆಯಾಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ ಸವೆದ ಚಕ್ರ ಹೊಸ ಚಕ್ರಕ್ಕಿಂತ ಸುಮಾರು 8 ಸುತ್ತು ಹೆಚ್ಚು ತಿರುಗಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಹತ್ತಕ್ಕಿಂತ ಹೆಚ್ಚು ಸುತ್ತಿನ ವ್ಯತ್ಯಾಸ. ಚಕ್ರ ಒಂದು ಸುತ್ತು ತಿರುಗುವಾಗ ಶಾಫ್ಟ್ ಹಲವು ಸುತ್ತು ತಿರುಗುವುದರಿಂದ ಶಾಫ್ಟಿನಲ್ಲಿ ಅದು ಹಲವು ಪಟ್ಟಾಗುತ್ತದೆ. ಒಣ ರಸ್ತೆಯಲ್ಲಿ ನೇರವಾಗಿ ಹೋಗುತ್ತಿದ್ದರೂ ಕಪ್ಲಿಂಗ್ ಪಾಲಿಗೆ ಮುಂದಿನ ಚಕ್ರ ಸದಾ ಜಾರುತ್ತಲೇ ಇರುತ್ತದೆ. ಅದು ಬಿಡುವಿಲ್ಲದೆ ಬಿಸಿಯಾಗುತ್ತದೆ, ಒಳಗಿನ ದ್ರವ ಕೆಡುತ್ತದೆ, ಒಂದು ದಿನ ಎರಡು ಶಾಫ್ಟುಗಳನ್ನು ಹಿಡಿದದ್ದು ಬಿಡುವುದೇ ಇಲ್ಲ.

ಹಾಗೆ ಬಿಗಿದ ಕಪ್ಲಿಂಗ್ ಹೇಗೆ ಗೊತ್ತಾಗುತ್ತದೆ? ಕಾರನ್ನು ನಿಲ್ಲಿಸುವಾಗ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಒಳಗೆ ತರುತ್ತಿದ್ದರೆ ಯಾರೋ ಹಿಂದಿನಿಂದ ಕಾರನ್ನು ಹಿಡಿದೆಳೆದಂತೆ ಆಗುತ್ತದೆ. ಟೈರುಗಳು ನೆಲಕ್ಕೆ ಉಜ್ಜಿ ಕಿರುಗುಟ್ಟುತ್ತವೆ, ಕಾರು ಕುಪ್ಪಳಿಸುತ್ತದೆ, ಆಕ್ಸಿಲರೇಟರ್ ಬಿಟ್ಟೊಡನೆ ಗಕ್ಕೆಂದು ನಿಲ್ಲುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಹೋಗುತ್ತವೆ. ಆ ಹೆಚ್ಚಿನ ಸುತ್ತುಗಳಿಗೆ ಕಪ್ಲಿಂಗ್ ಅವಕಾಶ ಕೊಡದಿದ್ದರೆ ರಬ್ಬರೇ ಜಾರಿ ಲೆಕ್ಕ ಸರಿಮಾಡಬೇಕು.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ "ಬ್ರೇಕ್ ಹಿಡಿಯುತ್ತಿದೆ ಸರ್" ಎಂದರು. ಎರಡನೆಯ ಕಡೆ ಗೇರ್‌ಬಾಕ್ಸ್ ಇಳಿಸಬೇಕೆಂದರು. ಇಬ್ಬರೂ ಕಾರನ್ನು ಒಂದು ಸುತ್ತು ಓಡಿಸಿ ನೋಡಿರಲಿಲ್ಲ. ಈ ತೊಂದರೆಯನ್ನು ಗುರುತಿಸುವುದು ಕಷ್ಟವೇನಲ್ಲ. ಬ್ರೇಕ್ ಹಿಡಿಯುತ್ತಿದ್ದರೆ ನೇರ ರಸ್ತೆಯಲ್ಲೂ ಹಿಡಿಯುತ್ತದೆ, ಸ್ವಲ್ಪ ದೂರ ಹೋಗಿ ನಿಲ್ಲಿಸಿದರೆ ಆ ಒಂದು ಚಕ್ರದ ಬಳಿ ಕೈಯೊಡ್ಡಿದಾಗಲೇ ಕಾವು ತಟ್ಟುತ್ತದೆ. ತಿರುವಿನಲ್ಲಿ ಮಾತ್ರ ಹಿಡಿದು, ಅದೇ ತಿರುವನ್ನು ಸಡಿಲ ಜಲ್ಲಿಯ ಮೇಲೆ ತೆಗೆದುಕೊಂಡಾಗ ಮಾಯವಾದರೆ ದೋಷ ಚಕ್ರಗಳಿಗೆ ಬಲ ಒಯ್ಯುವ ಶಾಫ್ಟು, ಕಪ್ಲಿಂಗುಗಳ ಸಾಲಿನಲ್ಲಿದೆ. ಜಲ್ಲಿ ಚಕ್ರಗಳಿಗೆ ಜಾರಲು ಬಿಡುತ್ತದೆ, ಗಟ್ಟಿ ನೆಲ ಬಿಡುವುದಿಲ್ಲ. ತಿರುವಿನಲ್ಲಿ ವೇಗ ಕೊಟ್ಟಾಗ ಕಟಕಟ ಸದ್ದು ಮಾತ್ರ ಬಂದು ಕಾರು ಹಿಡಿಯದಿದ್ದರೆ ಹೊರಗಿನ ಸಿವಿ ಜಾಯಿಂಟ್, ಅಂದರೆ ಚಕ್ರ ಓರೆಯಾದಾಗಲೂ ಅದಕ್ಕೆ ಬಲ ಮುಟ್ಟಿಸುವ ಕೀಲನ್ನು, ನೋಡಿ. ರಬ್ಬರ್ ಬೂಟ್ ಹರಿದು ಚಕ್ರದ ಒಳಬದಿಗೆ ಗ್ರೀಸ್ ಸಿಡಿದಿರುವುದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಪರೀಕ್ಷೆ ನನ್ನ ಕಾರಿನಂಥ ವ್ಯವಸ್ಥೆಗೆ ಮಾತ್ರ ಸಲ್ಲುತ್ತದೆ. ಸಮತಟ್ಟಾದ ನೆಲದಲ್ಲಿ ಮೂರು ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದು ಚಕ್ರವನ್ನು ಎತ್ತಿ ಗಟ್ಟಿಯಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಬರೀ ಜಾಕನ್ನು ನಂಬಬೇಡಿ. ಈಗ ಚಕ್ರವನ್ನು ಎರಡೂ ಕೈಯಿಂದ ಒಂದೇ ಸಮನೆ ತಳ್ಳಿ. ಕಪ್ಲಿಂಗ್ ಆರೋಗ್ಯವಾಗಿದ್ದರೆ ಚಕ್ರ ಜೇನಿನಲ್ಲಿ ಚಮಚ ತಿರುಗಿದ ಹಾಗೆ ನಿಧಾನಕ್ಕೆ ಸಾಗುತ್ತದೆ. ಜೋರಾಗಿ ತಳ್ಳಿದಷ್ಟೂ ತಡೆ ಹೆಚ್ಚುತ್ತದೆ. ಸರಾಗವಾಗಿ ಗಿರ್ರನೆ ತಿರುಗಿದರೆ ಕಪ್ಲಿಂಗ್ ಸತ್ತಿದೆ. ನನ್ನದು ಒಂದು ಅಂಗುಲವೂ ಅಲುಗಲಿಲ್ಲ.

ಇಲ್ಲಿಂದ ನನ್ನ ಸಹನೆ ತೀರಿತು. ಕಪ್ಲಿಂಗನ್ನು ಬಿಚ್ಚಿ ರಿಪೇರಿ ಮಾಡಲು ಬರುವುದಿಲ್ಲ, ಇಡೀ ಡಬ್ಬಿಯನ್ನೇ ಬದಲಿಸಬೇಕು. ಜೊತೆಗೆ ಅದು ಬಿಗಿದಿದ್ದಷ್ಟು ದಿನ ಹಿಂದಿನ ಡಿಫರೆನ್ಶಿಯಲ್ಲಿನ (ಬಂದ ಬಲವನ್ನು ಎರಡು ಕಡೆಗೆ ಹಂಚುವ ಗೇರುಗಳ ಪೆಟ್ಟಿಗೆಯ) ಬೇರಿಂಗುಗಳೂ ಬಲವನ್ನು ಶಾಫ್ಟಿಗೆ ದಾಟಿಸುವ ಮುಂದಿನ ಟ್ರಾನ್ಸ್‌ಫರ್ ಗೇರುಗಳೂ ಒತ್ತಡ ತಿಂದಿರುತ್ತವೆ. ಒಬ್ಬರು ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿ ಮನೆಯಲ್ಲಿಟ್ಟು ಬಿಡಿ ಎಂದು ಸಲಹೆ ಕೊಟ್ಟರು. ಈ ಬಗೆಯ ಕಾರಿನಲ್ಲಿ ಹಾಗೆ ಓಡಿಸಲು ಸಾಧ್ಯ; ದೋಷ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳಲು ಒಂದು ದಿನದ ಮಟ್ಟಿಗೆ ಒಳ್ಳೆಯ ಉಪಾಯವೂ ಹೌದು. ನಡುವೆ ಸಾಮಾನ್ಯ ಡಿಫರೆನ್ಶಿಯಲ್ ಇರುವ ಕಾರಿನಲ್ಲಿ ಮಾತ್ರ ಇದನ್ನು ಮಾಡಬೇಡಿ, ಬಲವೆಲ್ಲ ಖಾಲಿ ಬದಿಗೆ ಹೋಗಿ ಕಾರು ನಿಂತಲ್ಲೇ ನಿಲ್ಲುತ್ತದೆ. ಅದೇನೇ ಇರಲಿ, ಹಿಂದಿನ ಚಕ್ರಕ್ಕೆ ಬಲವೇ ಬೇಡವೆನ್ನುವವರು ಈ ಕಾರನ್ನು ಏಕೆ ಕೊಳ್ಳಬೇಕು? ನಾನು ಹೊಸ ಕಪ್ಲಿಂಗ್ ಹಾಕಿಸಿದೆ, ಶಾಫ್ಟಿನ ಸೆಂಟರ್ ಬೇರಿಂಗನ್ನೂ ಆಗಲೇ ಬದಲಿಸಿದೆ, ಒಂದೇ ಕಂಪನಿಯ ಒಂದೇ ಅಚ್ಚಿನ ನಾಲ್ಕು ಟೈರ್ ಹಾಕಿಸಿದೆ. ಆ ವರ್ಷ ಬೇರೆ ಯಾವ ದೊಡ್ಡ ಖರ್ಚಿಗೂ ಕೈಹಾಕಲಿಲ್ಲ.

ಅದಾದ ಮೇಲೆ ಬಂದ ಅಭ್ಯಾಸವೊಂದು ನನಗೆ ಈಗ ಪ್ರಿಯ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ಗಾಳಿಯ ಒತ್ತಡ ಸರಿಪಡಿಸುತ್ತೇನೆ. ಆಮೇಲೆ ನಾಲ್ಕೂ ಟೈರುಗಳ ಅಡಿಯಲ್ಲಿ, ನೆಲ ಮುಟ್ಟುವ ಜಾಗಕ್ಕೆ ನೇರವಾಗಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇನೆ. ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು ಮಗನೊಡನೆ ನೇರವಾಗಿ ಹತ್ತು ಸುತ್ತಿನಷ್ಟು ತಳ್ಳುತ್ತೇವೆ. ನಾಲ್ಕು ಗೆರೆಗಳೂ ಒಟ್ಟಿಗೆ ನೆಲಕ್ಕೆ ಬಂದರೆ ಆ ತಿಂಗಳ ಕೆಲಸ ಮುಗಿಯಿತು. ಅಚ್ಚು 1 ಮಿ.ಮೀ. ಹೆಚ್ಚು ಸವೆದ ಚಕ್ರ ಹತ್ತು ಸುತ್ತಿನಲ್ಲಿ 6 ಸೆಂ.ಮೀ.ನಷ್ಟು ಮುಂದೆ ತಿರುಗಿರುತ್ತದೆ, ಗೆರೆ ಓರೆಯಾಗಿ ನಿಲ್ಲುತ್ತದೆ. ಆಳ ಅಳೆಯುವ ಗೇಜಿಗಿಂತ ಇದು ನನಗೆ ಹೆಚ್ಚು ನಂಬಿಕೆಯದ್ದು. ಮುಂದಿನ ಟೈರು ಬೇಗ ಸವೆಯುವುದು ಈ ಕಾರಿನ ಸ್ವಭಾವವಾದ್ದರಿಂದ 8 ಸಾವಿರ ಕಿ.ಮೀ.ಗೊಮ್ಮೆ ಹಿಂದು ಮುಂದು ಬದಲಿಸುತ್ತೇನೆ. ಎಷ್ಟು ವ್ಯತ್ಯಾಸ ಸಹ್ಯ ಎಂಬುದು ಕಾರಿನಿಂದ ಕಾರಿಗೆ ಬೇರೆ, ಕೈಪಿಡಿ ಹೇಳುವ ಮಿತಿಯನ್ನು ಪಾಲಿಸಿ. ನಾನು 2 ಮಿ.ಮೀ. ದಾಟಲು ಬಿಡುವುದಿಲ್ಲ.

ಕೈಪಿಡಿಯ ಎಲ್ಲ ಮಾತನ್ನೂ ನಂಬಬೇಕೆಂದಿಲ್ಲ. ಹಿಂದಿನ ಡಿಫರೆನ್ಶಿಯಲ್ಲಿನ ಆಯಿಲ್ ಕಾರಿನ ಆಯುಸ್ಸಿನುದ್ದಕ್ಕೂ ಸಾಕು ಎಂದು ಅದರಲ್ಲಿದೆ. ಯಾರ ಆಯುಸ್ಸು, ಎಷ್ಟು ವರ್ಷ ಎಂದು ಬರೆದಿಲ್ಲ. ನಾನು ಬಿಚ್ಚಿದಾಗ ಬಂದದ್ದು ಟಾರಿನಂಥ ಕಪ್ಪು ದ್ರವ. ಈ ಕೆಲಸ ಮಾಡುವವರಿಗೆ ಒಂದೇ ನಿಯಮ: ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದೆಂದು ಖಾತ್ರಿಯಾಗುವವರೆಗೆ ಕೆಳಗಿನ ಡ್ರೈನ್ ಪ್ಲಗ್ ಮುಟ್ಟಬೇಡಿ. ಹಳೆಯ ಕಾರಿನಲ್ಲಿ ಮೇಲಿನದು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಆಯಿಲ್ ಎಲ್ಲ ಹರಿದುಹೋದ ಮೇಲೆ ಅದು ಗೊತ್ತಾದರೆ ಕಾರು ಅಲ್ಲಿಂದ ಕದಲುವಂತಿಲ್ಲ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಚಿಂತೆಯಿಲ್ಲ, ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಒಳಗೆ ಗೇರು ಮುರಿಯುತ್ತಿದೆ. ನನ್ನದರಲ್ಲಿ ಬೆರಳುಗಳ ನಡುವೆ ತಿಕ್ಕಿದಷ್ಟೂ ನುಣ್ಣಗೇ ಇದ್ದ ಕೆಸರು ಕಂಡು, ಈ ಕಾರಿನ ಮೇಲೆ ಅಲ್ಲಿಯವರೆಗೆ ಇದ್ದ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಅಷ್ಟು ಒತ್ತಡ ತಿಂದೂ ಗೇರುಗಳು ಉಳಿದಿದ್ದವು.

ಹೊಸದಾಗಿ ಹಾಕಿದ್ದು 75ಡಬ್ಲ್ಯು-90 ದಪ್ಪದ, ಜಿಎಲ್-5 ದರ್ಜೆಯ ಗೇರ್ ಆಯಿಲ್. ರಂಧ್ರದ ಅಂಚಿನಿಂದ ಆಯಿಲ್ ಹೊರಗೆ ತೊಟ್ಟಿಕ್ಕತೊಡಗಿದರೆ ಮಟ್ಟ ಸರಿಯಾಯಿತು. ಉಳಿದದ್ದನ್ನು ಗೇರ್‌ಬಾಕ್ಸಿಗೆ ಸುರಿಯುವ ಆಸೆ ಬೇಡ. ಹಲವು ಹಳೆಯ ಮ್ಯಾನುವಲ್ ಗೇರ್‌ಬಾಕ್ಸುಗಳು ಜಿಎಲ್-4 ಕೇಳುತ್ತವೆ, ಜಿಎಲ್-5ರಲ್ಲಿನ ಗಂಧಕದ ಸಂಯುಕ್ತಗಳು ಅವುಗಳಲ್ಲಿ ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನಬಹುದು. ಡಿಫರೆನ್ಶಿಯಲ್ ಮೇಲಿನ ಪುಟ್ಟ ಉಸಿರುಕೊಳವೆಯನ್ನೂ ಶುಚಿ ಮಾಡಿ. ಅದು ಮಣ್ಣಿನಿಂದ ಮುಚ್ಚಿಹೋದರೆ ಒಳಗಿನ ಬಿಸಿಗಾಳಿ ಆಯಿಲ್ ಸೀಲುಗಳಿಂದ ದಾರಿ ಮಾಡಿಕೊಳ್ಳುತ್ತದೆ, ನೀವು ಹೊಸ ಸೀಲಿಗೆ ದುಡ್ಡು ಸುರಿಯುತ್ತಿರುತ್ತೀರಿ. ನನ್ನದಕ್ಕಿಂತ ಹೊಸ ಕಾರುಗಳಲ್ಲಿ ಕಪ್ಲಿಂಗ್ ಬದಲು ವಿದ್ಯುತ್ ಪಂಪಿನಿಂದ ಒತ್ತುವ ಕ್ಲಚ್ ಇರುತ್ತದೆ, ಹಾಲ್ಡೆಕ್ಸ್ ಆ ಬಗೆಯಲ್ಲಿ ಹೆಸರಾದದ್ದು. ಅದಕ್ಕೆ ಬೇರೆಯೇ ಆಯಿಲ್, ಬೇರೆಯೇ ರೋಗ: ಪಂಪಿನ ಜಾಲರಿ ಕ್ಲಚ್ಚಿನ ಪುಡಿಯಿಂದ ಕಟ್ಟಿಕೊಂಡು, ಹಿಂದಿನ ಚಕ್ರಗಳಿಗೆ ಬಲ ಬರುವುದು ಸದ್ದಿಲ್ಲದೆ ನಿಂತುಹೋಗಿರುತ್ತದೆ.

ಕೆಟ್ಟು ನಿಂತಾಗ ಎಳೆದೊಯ್ಯಲು ಬಂದವರು ಮುಂದಿನ ಎರಡು ಚಕ್ರ ಎತ್ತಿ ಹಿಂದಿನವನ್ನು ಉರುಳಿಸಿಕೊಂಡು ಹೋಗುತ್ತೇವೆಂದರೆ ಒಪ್ಪಬೇಡಿ, ನಾಲ್ಕೂ ಚಕ್ರ ಮೇಲಿರುವ ವಾಹನವೇ ಬೇಕೆನ್ನಿ. ಎರಡೇ ಚಕ್ರ ತಿರುಗಿದರೆ ಕಪ್ಲಿಂಗ್ ಬಿಸಿಯಾಗಿ ಕೆಡುತ್ತದೆ. ಎರಡು ಚಕ್ರಗಳನ್ನು ಮಾತ್ರ ರೋಲರ್ ಮೇಲಿಟ್ಟು ಬ್ರೇಕ್ ಪರೀಕ್ಷೆ ಮಾಡುವವರಿಗೂ ಇದು ಎಂಥ ಕಾರೆಂದು ಮೊದಲೇ ಹೇಳಬೇಕು. ಸ್ಟೆಪ್ನಿ ಚಿಕ್ಕ ಅಳತೆಯದ್ದಾದರೆ ಪಂಕ್ಚರ್ ಅಂಗಡಿಯವರೆಗೆ ಮಾತ್ರ, ಅದೂ ನಿಧಾನವಾಗಿ.

ಇಷ್ಟೆಲ್ಲ ಗೊಣಗಿ ಇಟ್ಟುಕೊಂಡಿದ್ದೇಕೆ ಎಂದರೆ, ಮಳೆಯಲ್ಲಿ ನೆನೆದ ಕಡಿದಾದ ಏರಿನಲ್ಲಿ ನಿಂತು ಹೊರಡುವಾಗ ಈ ಕಾರು ನಡೆದುಕೊಳ್ಳುವ ರೀತಿ. ಮುಂದಿನ ಚಕ್ರ ಅರೆ ಸುತ್ತು ಜಾರುತ್ತದೆ, ಅಷ್ಟರಲ್ಲಿ ಸೊಂಟದ ಕೆಳಗೆ ಹಿಂದಿನಿಂದ ಮೆಲ್ಲನೆ ಒತ್ತಿದ ಅನುಭವ, ಕಾರು ಏರತೊಡಗಿರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಹೊತ್ತುವುದಿಲ್ಲ. ಹೊಸ ಕಾರುಗಳು ಇದೇ ಕೆಲಸವನ್ನು ಇನ್ನೂ ಬೇಗ ಮಾಡುತ್ತವೆ, ಆದರೆ ಬ್ರೇಕನ್ನು ಕಟಕಟ ಹಿಡಿದು ಬಿಟ್ಟು ಮಾಡುತ್ತವೆ, ನನಗೆ ಹಿಡಿಸುವುದಿಲ್ಲ.

ಕೊಳ್ಳಲು ಹೊರಟವರು ಬಾಗಿಲು ತೆರೆಯುವ ಮುನ್ನ ನಾಲ್ಕೂ ಟೈರುಗಳ ಹೆಸರು ಓದಿ. ಎರಡು ಬಗೆಯವು ಕಂಡರೆ ಗಟ್ಟಿ ನೆಲದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಎರಡೂ ಕಡೆಗೆ ಒಂದೊಂದು ಸುತ್ತು ಹಾಕಿಸಿ, ಹಿಡಿದರೆ ಕಪ್ಲಿಂಗಿನ ಬೆಲೆ ಕಳೆದು ಮಾತಾಡಿ. ವರ್ಷಕ್ಕೊಮ್ಮೆ ಸರ್ವಿಸಿಗೆ ಬಿಟ್ಟು ಮರೆಯುವವರಿಗೆ, ಟೈರ್ ಒಂದೊಂದಾಗಿ ಕೊಳ್ಳಬೇಕಾದ ಬಜೆಟ್ಟಿನವರಿಗೆ ಈ ಕಾರು ಬೇಡ. ನನ್ನದರಲ್ಲಿ ಈಗ ಹಿಂದಿನಿಂದ ಗುಂಯ್ ಎಂಬ ಸದ್ದು ಶುರುವಾಗಿದೆ. ಬಲಕ್ಕೆ ತಿರುಗಿ ಭಾರ ಎಡಕ್ಕೆ ಬಿದ್ದಾಗ ಅದು ಜೋರಾಗುತ್ತದೆ, ಎತ್ತಿ ಕೈಯಲ್ಲಿ ತಿರುಗಿಸಿದಾಗ ಸ್ಪ್ರಿಂಗ್ ಮೇಲಿಟ್ಟ ಬೆರಳಿಗೆ ಗರಗರ ತಟ್ಟುತ್ತದೆ. ಎಡ ಚಕ್ರದ ಬೇರಿಂಗ್. ತರಿಸಿದ್ದೇನೆ, ಈ ಭಾನುವಾರ ಸೀಮೆಸುಣ್ಣದ ಕೆಲಸ ಮುಗಿಸಿ ಅದನ್ನು ಬದಲಿಸುತ್ತೇನೆ.